ಬಾಗಿಲು ಕಾಯುವವನು ಏನು ಕೇಳುತ್ತಾನೆ?



ಇಂದಿನ ಅಧ್ಯಯನ: ಅಂಗುತ್ತರ ನಿಕಾಯದ ನಗರೋಪಮ ಸುತ್ತ.

ಈ ಸುತ್ತದಲ್ಲಿ ಭಗವಾನ್ ಬುದ್ಧರು ಗಡಿಯಲ್ಲಿರುವ ಒಂದು ಕೋಟೆಯೂರಿನ ಹೋಲಿಕೆ ಕೊಡುತ್ತಾರೆ. ಆಳವಾಗಿ ನೆಟ್ಟ ಕಂಬವೇ ಶ್ರದ್ಧೆ, ಸೈನ್ಯವೇ ಸತತ ಪ್ರಯತ್ನ, ಗೋಡೆಯೇ ಪ್ರಜ್ಞೆ. ಬಾಗಿಲು ಕಾಯುವವನು ಸತಿ, ಅಂದರೆ ಎಚ್ಚರದ ಮನಸ್ಸು. ಗುರುತಿಲ್ಲದವರನ್ನು ತಡೆದು ಗುರುತಿನವರನ್ನು ಒಳಗೆ ಬಿಡುವುದು ಅವನ ಕೆಲಸ. ಈ ಕಾವಲುಗಾರ ಜಾಣ, ವಿವೇಕಿ ಎಂದು ಸುತ್ತ ಹೇಳುತ್ತದೆ. ಅವನ ತೋಳ್ಬಲದ ಮಾತೇ ಅಲ್ಲಿಲ್ಲ.

ಇದು ನೆನಪಾದದ್ದು ಬ್ಯಾಡಗಿಯ ಅಕ್ಕ ಒಬ್ಬರ ಪ್ರಶ್ನೆಯಿಂದ. ಬುದ್ಧಗಯೆಗೆ ಹೋಗಲು ನಮ್ಮ ಬಳಗದ ಆರು ಜನ ವಿಮಾನದ ಟಿಕೆಟ್ ಮಾಡಿಸಿದ್ದೇವೆ. ಹಾವೇರಿಯಲ್ಲಿ ಸೇರಿದ್ದಾಗ ಅವರು ಕೇಳಿದರು: “ಸರ, ಅಲ್ಲಿ ಎಲ್ಲಾರ ಮುಂದ ಕೈ ಅಗಲಿಸಿ ನಿಲ್ಲಿಸಿ ಮೈ ತಡವಿ ನೋಡ್ತಾರಂತಲ್ರೀ. ನಾವೇನ್ ಕಳ್ಳರೇನ್ರೀ?”

ನಕ್ಕು ಬಿಡುವ ಪ್ರಶ್ನೆಯಲ್ಲ ಇದು. ಬಾಗಿಲಲ್ಲಿ ತಡೆಸಿಕೊಂಡ ನೆನಪು ನಮ್ಮ ಜನಕ್ಕೆ ಬಹಳ ಹಳೆಯದು. 1934ರಲ್ಲಿ ಬಾಬಾಸಾಹೇಬರು ಸಂಗಡಿಗರೊಂದಿಗೆ ದೌಲತಾಬಾದ್ ಕೋಟೆ ನೋಡಲು ಹೋದರು. ಪ್ರಯಾಣದ ಧೂಳು ಮೆತ್ತಿದ್ದ ಕೆಲವರು ಬಾಗಿಲ ಬಳಿಯ ಕೊಳದಲ್ಲಿ ಮುಖ ತೊಳೆದರು. ಕೊಳ ಮೈಲಿಗೆಯಾಯಿತೆಂದು ಗದ್ದಲ ಎದ್ದಿತು. ಕೊನೆಗೆ ಒಳಗೆ ಬಿಟ್ಟರು, ಆದರೆ ಇವರು ಎಲ್ಲೂ ನೀರು ಮುಟ್ಟದಂತೆ ನೋಡಿಕೊಳ್ಳಲು ಒಬ್ಬ ಶಸ್ತ್ರಧಾರಿ ಸಿಪಾಯಿಯನ್ನು ಜೊತೆಗೆ ಕಳಿಸಿದರು! ‘ವೇಯ್ಟಿಂಗ್ ಫಾರ್ ಎ ವೀಸಾ’ದಲ್ಲಿ ಬಾಬಾಸಾಹೇಬರೇ ಇದನ್ನು ಬರೆದಿದ್ದಾರೆ. ಆ ಸಿಪಾಯಿಗೆ ನಮ್ಮವರ ಜೇಬಿನಲ್ಲಿ ಏನಿದೆ ಎಂಬುದು ಬೇಕಿರಲಿಲ್ಲ. ಯಾವ ಕೇರಿಯಲ್ಲಿ ಹುಟ್ಟಿದವರು ಎಂಬುದಷ್ಟೇ ಸಾಕಾಗಿತ್ತು.

ವಿಮಾನ ನಿಲ್ದಾಣದ ತಪಾಸಣೆ ಹುಟ್ಟಿಕೊಂಡ ಕಾರಣ ಬೇರೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಆಕಾಶದಲ್ಲೇ ಸ್ಫೋಟಗೊಂಡು 329 ಜನ ಸತ್ತರು. ಬಾಂಬಿನ ಚೀಲ ಪ್ರಯಾಣ ಹೊರಟಿತ್ತು, ಅದನ್ನು ಒಪ್ಪಿಸಿದವನು ವಿಮಾನ ಹತ್ತಿರಲಿಲ್ಲ. 1999ರ ಕಂದಹಾರ್ ಅಪಹರಣದ ನಂತರ, 2000ದಿಂದ, ಸಿಐಎಸ್‌ಎಫ್ ಪಡೆ ನಿಲ್ದಾಣಗಳ ಕಾವಲು ವಹಿಸಿಕೊಳ್ಳತೊಡಗಿತು. ಪಟಿಚ್ಚಸಮುಪ್ಪಾದ ಓದಿದ ನಮಗೆ, ನಿಯಮದ ಹಿಂದಿನ ಕಾರಣ ಹುಡುಕುವುದು ರೂಢಿಯಾಗಬೇಕು.

ಎಕ್ಸ್‌ರೇ ಪರದೆಯ ಮೇಲೆ ಬುತ್ತಿ, ಬಟ್ಟೆ, ಪುಸ್ತಕ ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ, ಲೋಹ ನೀಲಿಯಾಗಿ ಕಾಣುತ್ತದೆ. ಚೀಲದವರ ಜಾತಿ ತೋರಿಸುವ ಬಣ್ಣ ಆ ಯಂತ್ರದಲ್ಲಿಲ್ಲ. ಗೌಡರೂ ಬೆಲ್ಟು ಬಿಚ್ಚಬೇಕು, ಸಾಹುಕಾರರೂ ಚೀಲ ತೆರೆಯಬೇಕು. (ವಿನಾಯಿತಿ ಪಡೆದ ಗಣ್ಯರ ಪಟ್ಟಿಯೊಂದಿದೆ. ನನ್ನನ್ನು ಕೇಳಿದರೆ ಅದೂ ಬೇಡ.)

ಅಕ್ಕ, ‘ಎಲ್ಲಾರ ಮುಂದ’ ಅಲ್ಲ. ಹೆಂಗಸರನ್ನು ಪರದೆಯ ಒಳಗೆ ಮಹಿಳಾ ಸಿಬ್ಬಂದಿಯೇ ನೋಡುತ್ತಾರೆ. ಖಾರದಪುಡಿ ಮಾತ್ರ ಕೈಚೀಲದಲ್ಲಿ ಬೇಡ. ಕಣ್ಣಿಗೆ ಎರಚಬಹುದೆಂದು ತೆಗೆದಿಡಿಸುತ್ತಾರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ವಾದಿಸಿದರೆ ನಡೆಯುವುದಿಲ್ಲ! ಒಪ್ಪಿಸುವ ದೊಡ್ಡ ಚೀಲದಲ್ಲಿ ಭದ್ರವಾಗಿ ಕಟ್ಟಿಡಿ. ಪವರ್ ಬ್ಯಾಂಕ್ ಅದಕ್ಕೆ ಉಲ್ಟಾ: ಬೆಂಕಿ ಹತ್ತಿದರೆ ತಕ್ಷಣ ಗೊತ್ತಾಗಲೆಂದು ಕೈಚೀಲದಲ್ಲೇ ಇರಬೇಕು.

ಇನ್ನು ಮೈಗೆ ಕೈ ತಾಗಿದಾಗ. ಒಂದು ಕಹಿ ವೇದನೆ ಏಳುತ್ತದೆ, ಏಳಲಿ. ಆಗ ನಮ್ಮ ಒಳಗಿನ ಕಾವಲುಗಾರ ನೋಡಬೇಕಾದ್ದು ಇಷ್ಟು: ಈ ನೋವು ಈಗಿನ ಕೈಯಿಂದ ಬಂದದ್ದೋ, ಹಳೆಯ ಗಾಯದ್ದೋ? ಸಾಲಿನಲ್ಲಿ ಮುಂದಿದ್ದವರಿಗೂ ಹೀಗೇ ಮಾಡಿದರೋ, ನನಗೆ ಮಾತ್ರವೋ? ಎಲ್ಲರಿಗೂ ಮಾಡಿದ್ದಾದರೆ ಕೈ ಅಗಲಿಸಿ ನಿಲ್ಲೋಣ. ಅಡ್ಡಹೆಸರು ಓದಿಯೋ, ಕೊರಳಿನ ನೀಲಿ ಶಾಲು ನೋಡಿಯೋ ಬೇರೆ ಪ್ರಶ್ನೆ ಬಂದರೆ ಸುಮ್ಮನಿರುವುದಕ್ಕೆ ಸತಿ ಎನ್ನುವುದಿಲ್ಲ. ಮೇಲಧಿಕಾರಿಯನ್ನು ಕರೆಯಿರಿ ಎಂದು ತಣ್ಣಗೆ ಕೇಳಬೇಕು. ದೌಲತಾಬಾದಿನಲ್ಲಿ ಬಾಬಾಸಾಹೇಬರೂ ಎದುರು ಪ್ರಶ್ನೆ ಹಾಕಿದ್ದರು. ಕೂಗಾಡುತ್ತಿದ್ದವರು ಉತ್ತರವಿಲ್ಲದೆ ನಿಂತರು.

ಸುತ್ತದ ಉಳಿದ ಭಾಗ, ಅಂದರೆ ಕೋಟೆಯೊಳಗಿನ ನಾಲ್ಕು ಬಗೆಯ ಆಹಾರ ಮತ್ತು ನಾಲ್ಕು ಧ್ಯಾನಗಳ ಹೋಲಿಕೆಯನ್ನು, ಭಾನುವಾರ ರಾಣೇಬೆನ್ನೂರಿನಲ್ಲಿ ಓದೋಣ. ಹೊರಡುವವರು ಆಧಾರ್ ಕಾರ್ಡ್ ತನ್ನಿ. ದೀಕ್ಷೆಯ ನಂತರ ಹೆಸರು ಬದಲಿಸಿಕೊಂಡವರು ಇಬ್ಬರಿದ್ದಾರೆ. ಟಿಕೆಟ್ಟಿನಲ್ಲೂ ಕಾರ್ಡಿನಲ್ಲೂ ಒಂದೇ ಹೆಸರಿದೆಯೇ ಎಂದು ಅಂದೇ ನೋಡಿಬಿಡೋಣ.

ಜೈ ಭೀಮ್, ನಮೋ ಬುದ್ಧಾಯ.