ನ್ಯಾಶ್‌ವಿಲ್ಲಿನ ಅಹಿಂಸಾ ಶಿಕ್ಷಣ (1959–60)

ಹಿನ್ನೆಲೆ: ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ, ಕಪ್ಪು ಜನಾಂಗದವರಿಗೆ ದೊಡ್ಡ ಅಂಗಡಿಗಳಲ್ಲಿ ಸರಕು ಕೊಳ್ಳುವ ಅವಕಾಶವಿದ್ದರೂ, ಅಲ್ಲಿಯ ಉಪಾಹಾರಕೇಂದ್ರಗಳಲ್ಲಿ ಬಿಳಿಯರೊಡನೆ ಕುಳಿತು ಉಣ್ಣುವ ಹಕ್ಕು ಇರಲಿಲ್ಲ.

ಆಚಾರ್ಯ: ಕೊರಿಯಾ ಯುದ್ಧಕಾಲದಲ್ಲಿ ಸೇನಾಸೇವೆಯನ್ನು ನಿರಾಕರಿಸಿ ಸೆರೆವಾಸವನ್ನು ಅನುಭವಿಸಿ, ಅನಂತರ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧೀಜಿಯವರ ಸತ್ಯಾಗ್ರಹತತ್ತ್ವವನ್ನು ಮನನಮಾಡಿದ ಜೇಮ್ಸ್ ಲಾಸನ್ (1928–2024) ಎಂಬ ಧರ್ಮೋಪದೇಶಕರೇ ಈ ಅನ್ಯಾಯದ ಪ್ರತಿರೋಧಕ್ಕೆ ವಿದ್ಯಾರ್ಥಿಗಳನ್ನು ಅಣಿಗೊಳಿಸಿದರು.

ಶಿಕ್ಷಣಕ್ರಮ: ಚರ್ಚಿನಲ್ಲಿ ನಡೆದ ಶಿಬಿರಗಳಲ್ಲಿ ಕೆಲವರು ನಿಂದಕರ ಪಾತ್ರವಹಿಸಿ ಬೈದು, ತಳ್ಳಿ, ಕೆಣಕುತ್ತಿರಲು, ಉಳಿದವರು ಪ್ರತಿಹಿಂಸೆಗೆ ಎಳಸದೆ, ದ್ವೇಷವನ್ನೂ ತಾಳದೆ, ಪೆಟ್ಟಿನಿಂದ ತಲೆಯನ್ನು ಕಾಪಾಡಿಕೊಳ್ಳುತ್ತ ಸ್ಥಿರವಾಗಿರುವುದನ್ನು ಅಭ್ಯಸಿಸಿದರು. ಅಹಿಂಸೆಯು ಅಬಲರ ಮೌನವಲ್ಲ, ಸಾಧನೆಯಿಂದ ಸಿದ್ಧಿಸುವ ಶೌರ್ಯವೆಂಬುದೇ ಇದರ ಸಾರ.

ಮುಖ್ಯ ಘಟನೆಗಳು:
• 1960 ಫೆಬ್ರವರಿ 13: ಉಪಾಹಾರಕೇಂದ್ರಗಳಲ್ಲಿ ಧರಣಿ ಆರಂಭ.
• ಫೆಬ್ರವರಿ 27: ಧರಣಿನಿರತರ ಮೇಲೆ ಹಲ್ಲೆ, ಆದರೆ ಬಂಧನಕ್ಕೊಳಗಾದವರು ಸತ್ಯಾಗ್ರಹಿಗಳೇ.
• ಏಪ್ರಿಲ್ 19: ಧರಣಿನಿರತರ ಪರ ವಾದಿಸುತ್ತಿದ್ದ ವಕೀಲ ಅಲೆಕ್ಸಾಂಡರ್ ಲೂಬಿಯವರ ಮನೆಗೆ ಬಾಂಬ್ ಎಸೆತ, ಸಾವಿರಾರು ಜನರ ಮೌನ ಮೆರವಣಿಗೆ, ವಿದ್ಯಾರ್ಥಿನಾಯಕಿ ಡಯೇನ್ ನ್ಯಾಶ್ ಪ್ರಶ್ನಿಸಲಾಗಿ, ಭೇದನೀತಿ ಸಲ್ಲದೆಂದು ಮೇಯರ್ ಬೆನ್ ವೆಸ್ಟ್ ಒಪ್ಪಿದರು.
• ಮೇ 10: ಉಪಾಹಾರಕೇಂದ್ರಗಳು ಸರ್ವರಿಗೂ ತೆರೆಯತೊಡಗಿದವು.

ಸ್ಮರಣೀಯ: ಮುಂದೆ ನಾಗರಿಕ ಹಕ್ಕುಗಳ ಚಳವಳಿಯ ನಾಯಕರಾದ ಜಾನ್ ಲೂಯಿಸ್, ಜೇಮ್ಸ್ ಬೆವೆಲ್, ಬರ್ನಾರ್ಡ್ ಲಫಾಯೆಟ್ ಇದೇ ಶಿಬಿರಗಳಲ್ಲಿ ಪಳಗಿದವರು.

ಮಹತ್ತ್ವ: ದಕ್ಷಿಣ ಆಫ್ರಿಕಾದಲ್ಲಿ ಮೈದಳೆದು ಭಾರತದಲ್ಲಿ ಬೆಳೆದ ಸತ್ಯಾಗ್ರಹವಿಧಾನವು, ಶ್ರದ್ಧೆಯಿಂದ ಕಲಿಸುವ ಗುರುವೂ ತಾಳ್ಮೆಯಿಂದ ಕಲಿಯುವ ಸಮುದಾಯವೂ ದೊರೆತೆಡೆ, ಯಾವ ನಾಡಿನಲ್ಲಿಯೂ ಫಲಿಸಬಲ್ಲುದೆಂಬುದಕ್ಕೆ ಇದು ಉಜ್ಜ್ವಲ ನಿದರ್ಶನ.