ಹದಿನೈದು ಮಿಲಿಮೀಟರಿಗೆ ನಾಲ್ಕು ಲಕ್ಷ

ನಿಸಾನ್ ಪಟ್ರೋಲ್ ತಗೊಂಡೆ ಅಂತ ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದ್ದು, "ಎಷ್ಟು ಲೀಟರ್?" ಒಂದು ಲೆಕ್ಕದಲ್ಲಿ ಸರಿಯಾದ ಪ್ರಶ್ನೆಯೇ. ಗಾಡಿಯ ಎಂಜಿನ್ 4.8 ಲೀಟರ್, ಸಾಲಾಗಿ ಆರು ಸಿಲಿಂಡರ್; ಹಿಂದಿನ ಮಾಲೀಕ ಅದಕ್ಕೆ ಟರ್ಬೊ ಬೇರೆ ಕೂರಿಸಿದ್ದ. 2023ರ ಚಳಿಗಾಲದ ಒಂದು ಶುಕ್ರವಾರ, ಕತಾರಿನ ಸೀಲೈನ್ ಮರಳುಗುಡ್ಡದ ಮೇಲೆ ಹಿಂದಿನ ಆಕ್ಸಲ್ ಶಾಫ್ಟ್ ತುಂಡಾಯಿತು. ದೊಡ್ಡ ಸದ್ದೇನೂ ಇಲ್ಲ. ಅಡಿಕೆ ಕತ್ತರಿಸಿದ ಹಾಗೆ ಒಂದು 'ಟಕ್', ಅಷ್ಟೆ.

ಮರುವಾರ 2 ರಿಯಾಲ್ ಕೊಟ್ಟು ಮೆಟ್ರೊದಲ್ಲಿ ಸೂಕ್ ವಾಕಿಫ್‌ಗೆ ಹೋದೆ. ಆ ಪೇಟೆಯಲ್ಲಿ ಗಿಡುಗ ಸಿಗುತ್ತದೆ, ಕೇಸರಿ ಸಿಗುತ್ತದೆ, ಗಾಡಿ ಸಾಮಾನು ಸಿಗುವುದಿಲ್ಲ; ಅದೆಲ್ಲ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಆದರೆ ನನ್ನ ಮೆಕ್ಯಾನಿಕ್, ಕಾಸರಗೋಡು ಕಡೆಯವರು, ಮನೆಗೆ ದುಡ್ಡು ಕಳಿಸಲು ಬರುವುದು ಇಲ್ಲಿಗೇ. ಕಳಿಸಿ ಆದಮೇಲೆ ಒಂದು ಕರಕ್ ಚಹಾ. ಗೇಣುದ್ದದ ಶಾಫ್ಟ್ ತುಂಡನ್ನು ಚೀಲದಿಂದ ತೆಗೆದು ಅವರ ಮುಂದಿಟ್ಟೆ.

ಕನ್ನಡಕ ಹಣೆಗೇರಿಸಿ ಶಾಫ್ಟಿನ ಹಲ್ಲುಗಳ ಮೇಲೆ ಉಗುರು ಓಡಿಸಿದರು. ನೇರವಾಗಿರಬೇಕಾದ ಹಲ್ಲುಸಾಲು ಹೊಸೆದ ಹಗ್ಗದಂತೆ ಓರೆಯಾಗಿತ್ತು. "ಇದು ಒಂದೇ ದಿನಕ್ಕೆ ಆದದ್ದಲ್ಲ ಮಾರಾಯ್ರೆ. ಚಕ್ರ ಗಾಳಿಯಲ್ಲಿ ತಿರುಗ್ತಾ ಇರುವಾಗ ಗಾಡಿ ದಬಕ್ಕನೆ ಮರಳಿಗೆ ಬೀಳ್ತದಲ್ಲ, ಪ್ರತಿ ಸಲ ಸ್ವಲ್ಪ ಸ್ವಲ್ಪ ತಿರುಚಿದೆ. ಅದರ ಮೇಲೆ ನಿಮ್ಮದು ಲಾಕರ್ ಹಾಕಿದ ಗಾಡಿ, ಎರಡೂ ಚಕ್ರ ಒಟ್ಟಿಗೇ ತಿರುಗ್ತವೆ. ಒಂದು ಚಕ್ರ ಎದ್ದರೆ ಎಲ್ಲ ಎಳೆತ ಇನ್ನೊಂದೇ ಶಾಫ್ಟಿಗೆ." ಪಕ್ಕದಲ್ಲಿ ಹಮಾಲಿ ಅಜ್ಜ ಒಬ್ಬರು ಒಂಟಿ ಚಕ್ರದ ಗಾಡಿಯನ್ನು ಮೆಟ್ಟಿಲಿಳಿಸುತ್ತಿದ್ದರು, ಚಕ್ರ ನೆಲ ಮುಟ್ಟುವಾಗ ಹಿಡಿಕೆಯನ್ನು ಒಂದು ಚೂರು ಎತ್ತಿ ಹಿಡಿದರು. "ಅದು ನಿಮಗೆ ಬರುವುದಿಲ್ಲ," ಎಂದರು ಮೆಕ್ಯಾನಿಕ್.

ನಾನು ವೃತ್ತಿಯಲ್ಲಿ ಲೆಕ್ಕಿಗ. ಕೊಟೇಶನ್ ಜೇಬಿನಲ್ಲೇ ಇತ್ತು: ಬರೀ ಶಾಫ್ಟಿನ ಬದಲು ಅಮೆರಿಕದಿಂದ ಡಾನಾ 60 ಎಂಬ ಇಡೀ ಆಕ್ಸಲ್, 5,000 ಡಾಲರ್. ಇಲ್ಲಿ ಡಾಲರಿಗೆ 3.64 ರಿಯಾಲ್ ಅಂತ 2001ರಿಂದ ಕಾನೂನಿನಲ್ಲೇ ಗೂಟ ಹೊಡೆದಿದ್ದಾರೆ. ಹಾಗಾಗಿ ದರ ಇಳಿಯಲಿ ಎಂದು ಕಾಯುವ ಮಾತೇ ಇಲ್ಲ, 18,200 ರಿಯಾಲ್. ಆದರೆ ಊರಿನವನ ತಲೆ ರಿಯಾಲಿನಲ್ಲಿ ಯೋಚಿಸುವುದಿಲ್ಲ. ಎದುರಿನ ಎಕ್ಸ್‌ಚೇಂಜ್ ಬೋರ್ಡಿನಲ್ಲಿ ರಿಯಾಲಿಗೆ 22 ರೂಪಾಯಿ ಚಿಲ್ಲರೆ ಕಾಣುತ್ತಿತ್ತು. ನಾಲ್ಕು ಲಕ್ಷ. ತೋಟಕ್ಕೊಂದು ಬೋರ್‌ವೆಲ್, ಪಂಪು, ಪೈಪು.

ಅದೂ ಬರೀ ಸಾಮಾನಿನ ಬೆಲೆ. ಹಡಗಿನ ಬಾಡಿಗೆ, 5% ಸುಂಕ ಬೇರೆ. ಡಾನಾದ ಚಕ್ರಕ್ಕೆ ಸಾಮಾನ್ಯವಾಗಿ ಎಂಟು ಬೋಲ್ಟು, ಪಟ್ರೋಲಿಗೆ ಆರು. ಅಂದರೆ ಹೊಸ ರಿಮ್ಮು. ಜಾಯಿಂಟ್ ಶಾಫ್ಟಿನ ಉದ್ದ ಬದಲಾಗಬೇಕು. ಬ್ರೇಕು, ಹ್ಯಾಂಡ್ ಬ್ರೇಕಿನ ಕೇಬಲ್, ಎಬಿಎಸ್ ಸೆನ್ಸರ್, ಸ್ಪ್ರಿಂಗಿಗೆ ವೆಲ್ಡಿಂಗ್. ನನಗೆ ಹೊಳೆಯದೇ ಇದ್ದದ್ದು ಇನ್ನೊಂದು. ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲಿ ಹಿಂದಿನ ಗೇರ್ ಅನುಪಾತಕ್ಕೂ ಮುಂದಿನದ್ದಕ್ಕೂ ತಾಳೆಯಾಗಬೇಕು. ಆಗದಿದ್ದರೆ ಮುಂದಿನ ಆಕ್ಸಲ್ ನಡುವಿನ ಹಲ್ಲುಚಕ್ರಗಳನ್ನೂ, ಅಂದರೆ ಕ್ರೌನ್ ಪಿನಿಯನ್ನೂ ಬದಲಿಸಬೇಕು. ಅಲ್ಲೇ ಬಿಲ್ಲಿನ ಹಿಂಬದಿಯಲ್ಲಿ ಕೂಡಿಸಿದೆ: 27,000 ದಾಟಿತು.

ಇಷ್ಟಕ್ಕೆ ಸಿಗುವುದೇನು? ಪಟ್ರೋಲಿನ ಕ್ರೌನ್ ಚಕ್ರದ ವ್ಯಾಸ 233 ಮಿಲಿಮೀಟರ್. ಎಲ್ಲರೂ ಹೊಗಳುವ ಫೋರ್ಡ್ 9 ಇಂಚು ಆಕ್ಸಲ್ಲಿನದ್ದು 228.6, ಅಂದರೆ ನಮ್ಮದಕ್ಕಿಂತ ಸಣ್ಣದು! ಡಾನಾ 60ರದ್ದು 9.75 ಇಂಚು, ಸುಮಾರು 248. ಕ್ರೌನಿನ ಲೆಕ್ಕದಲ್ಲಿ ನಾನು ಕೊಳ್ಳಹೊರಟದ್ದು ಹದಿನೈದು ಮಿಲಿಮೀಟರ್. ಶಾಫ್ಟಿನ ಮಾತು ಬೇರೆ. ತಿರುಚುವಿಕೆ ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, 10% ದಪ್ಪವಾದರೆ 33% ಹೆಚ್ಚು ತ್ರಾಣ. ದಪ್ಪ ಬೇಡ, ಉಕ್ಕು ಬದಲಿಸಿದರೂ ನಡೆಯುತ್ತದೆ.

ಹಾಗೇ ಮಾಡಿದೆ. ಹಳೆಯ ಹೌಸಿಂಗಿಗೇ ಸರಿಹೊಂದುವ, ನಿಕ್ಕೆಲ್-ಕ್ರೋಮ್-ಮಾಲಿಬ್ಡಿನಂ ಬೆರೆತ 4340 ಉಕ್ಕಿನ ಎರಡು ಶಾಫ್ಟ್, 3,500 ರಿಯಾಲ್. ಕೂಲಿ 400. ಗುಜರಿಯಿಂದ ಒಂದು ಹಳೇ ಕಂಪನಿ ಶಾಫ್ಟ್ 600ಕ್ಕೆ ತಂದು ಹಿಂದಿನ ಸೀಟಿನಡಿ ಇಟ್ಟೆ. 37 ಇಂಚಿನ ಟೈರುಗಳನ್ನು ಮಾರಿ 35ಕ್ಕೆ ಇಳಿದೆ. ಟೈರು ದೊಡ್ಡದಾದಷ್ಟೂ ಆಕ್ಸಲ್ಲಿಗೆ ಭಾರ, ಆದರೆ ಮರಳಿನಲ್ಲಿ ನೋಡಲು ಚಂದ ಎಂದು ಹಾಕಿಸಿದ್ದೆ. ಅದಕ್ಕೆ ಲೆಕ್ಕಪುಸ್ತಕದಲ್ಲಿ ಯಾವ ಶೀರ್ಷಿಕೆ ಕೊಡುವುದೋ ಗೊತ್ತಿಲ್ಲ.

ಮೆಕ್ಯಾನಿಕ್‌ಗೆ ಪೂರ್ತಿ ಸಮಾಧಾನ ಇರಲಿಲ್ಲ. "ಶಾಫ್ಟ್ ಗಟ್ಟಿ ಮಾಡಿದ್ರಿ. ಇನ್ನು ಕ್ರೌನ್ ನೋಡ್ಕೊಳ್ಳಿ. ಶಾಫ್ಟಾದರೆ ಮರಳಲ್ಲೇ ಎಳೆದು ಬೇರೆಯದನ್ನು ಹಾಕಬಹುದಿತ್ತು."

ಮರುವರ್ಷ ಜನವರಿಯಲ್ಲಿ ಕ್ರೌನಿನ ಮೂರು ಹಲ್ಲು ಹೋದವು. ಸಾಮಾನು, ಕೂಲಿ, ಟ್ರಕ್ಕಿನ ಮೇಲೆ ಗಾಡಿ ತಂದದ್ದು ಸೇರಿ 4,200. ಎಲ್ಲ ಕೂಡಿಸಿದರೆ ಇವತ್ತಿಗೆ 8,700. ಗುಜರಿ ಶಾಫ್ಟ್ ಇನ್ನೂ ಸೀಟಿನಡಿಯಲ್ಲೇ ಇದೆ, ಗೋಣಿಚೀಲದಲ್ಲಿ ಸುತ್ತಿಕೊಂಡು.