ಜಿಪ್ ತೆಗೆದು ನೋಡಿ, ಬಿಲ್ಲಿನಲ್ಲಿ ಬರೆಸಿ

ಪ್ರಶ್ನೆ: ಅತ್ತೆಯವರಿಗೆ 72 ವರ್ಷ, ಸೊಂಟನೋವು. ಚೀಟಿ ಹಣ ಕೈಗೆ ಬಂದಾಗ 16,500 ರೂಪಾಯಿ ಕೊಟ್ಟು ಒಬ್ಬರು ಮಲಗುವ ‘ನ್ಯಾಚುರಲ್ ಲೇಟೆಕ್ಸ್’ ಹಾಸಿಗೆ ತಂದೆ. 6 ಇಂಚು ದಪ್ಪ ಇದೆ. ಮೈದುನ ಒತ್ತಿ ನೋಡಿ, ‘ಇದು ಬರೀ ಫೋಮು ಅತ್ತಿಗೆ, ನಿಮಗೆ ಟೋಪಿ ಹಾಕಿದ್ದಾರೆ’ ಅಂದ. ಅತ್ತೆ ಏನೂ ಹೇಳುವುದಿಲ್ಲ, ನನಗೇ ನಿದ್ದೆ ಹತ್ತುತ್ತಿಲ್ಲ. 15 ದಿನದೊಳಗಾದರೆ ವಾಪಸ್ ತಗೊಳ್ತೇವೆ ಎಂದು ಅಂಗಡಿಯವರು ಹೇಳಿದ್ದಾರೆ. ಆರು ದಿನ ಆಗಲೇ ಕಳೆದಿದೆ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಇನ್ನೂ ಒಂಬತ್ತು ದಿನ ಇದೆ, ಗಾಬರಿ ಬೇಡ. ನೋಡುವುದಕ್ಕೆ ಒಂದು ಸಂಜೆ ಸಾಕು.

ನಾನು ಬೆಳೆದದ್ದು ಸುಳ್ಯದ ಕಡೆ, ರಬ್ಬರ್ ತೋಟದ ಪಕ್ಕದಲ್ಲಿ. ಬೆಳಕು ಹರಿಯುವ ಮೊದಲೇ ತೊಗಟೆಗೆ ಓರೆಯಾಗಿ ಗೀರು ಹಾಕುತ್ತಾರೆ, ಹಾಲು ಹನಿಹನಿಯಾಗಿ ಚಿಪ್ಪಿಗೆ ಇಳಿಯುತ್ತದೆ. ಆ ಹಾಲೇ ಲೇಟೆಕ್ಸ್. ಅದನ್ನು ಮಂದ ಮಾಡಿ, ನೊರೆ ಬರುವಂತೆ ಕಡೆದು, ಅಚ್ಚಿಗೆ ಸುರಿದು ಬೇಯಿಸಿದರೆ ಹಾಸಿಗೆಯ ಸ್ಪಂಜಾಗುತ್ತದೆ. ಇದು ಡನ್‌ಲಪ್ ವಿಧಾನ. 1929ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಟಲಾಲೆ ಎಂಬ ಇನ್ನೊಂದು ವಿಧಾನದಲ್ಲಿ ಅಚ್ಚಿನ ಗಾಳಿ ಎಳೆದು, ನೊರೆಯನ್ನು ಹೆಪ್ಪುಗಟ್ಟಿಸಿ, ಆಮೇಲೆ ಬೇಯಿಸುತ್ತಾರೆ. ಅದು ಹೆಚ್ಚು ಮೆತ್ತಗೆ, ಬೆಲೆಯೂ ಹೆಚ್ಚು. ಸೊಂಟನೋವಿನವರಿಗೆ ಸ್ವಲ್ಪ ಬಿಗಿಯಾದ ಡನ್‌ಲಪ್ಪೇ ಸಾಕು ಎಂದು ನನ್ನ ಅಭಿಪ್ರಾಯ.

ಈಗ ನಿಮ್ಮ ಹಾಸಿಗೆಗೆ ಬರೋಣ. ಮೊದಲು ಹೊದಿಕೆಯ ಜಿಪ್ ತೆಗೆಯಿರಿ. ಲೇಟೆಕ್ಸ್ ಆದರೆ ಮೇಲಿಂದ ಕೆಳಗೆ ಸಾಲುಸಾಲಾಗಿ ತೂತುಗಳಿರುತ್ತವೆ. ಬೇಯಿಸುವಾಗ ಒಳಗೂ ಶಾಖ ತಾಗಲೆಂದು ಅಚ್ಚಿನಲ್ಲಿಟ್ಟ ಕಡ್ಡಿಗಳ ಗುರುತು ಅವು. ಬಣ್ಣ ಸಾಮಾನ್ಯವಾಗಿ ಹಾಲಿನ ಕೆನೆಯದು. ತೂತೊಂದನ್ನೇ ನಂಬಬೇಡಿ, ಸಾಧಾರಣ ಫೋಮಿಗೂ ತೂತು ಕೊರೆದು ಮಾರುವವರಿದ್ದಾರೆ. ಅಂಗೈ ಒತ್ತಿ ಬಿಡಿ. ಲೇಟೆಕ್ಸ್ ಕೈಯ ಜೊತೆಗೇ ಪುಟಿದು ಏಳುತ್ತದೆ. ಕೈಯ ಅಚ್ಚು ಉಳಿದು ನಿಧಾನಕ್ಕೆ ಮೇಲೆ ಬಂದರೆ ಅದು ಮೆಮೊರಿ ಫೋಮು. ಮೂಗು ಹತ್ತಿರ ತನ್ನಿ: ರಬ್ಬರಿನ ಸಣ್ಣ ವಾಸನೆ ಇರಬೇಕು, ಪೇಂಟಿನ ಘಾಟು ಇರಬಾರದು.

ಬಣ್ಣ, ವಾಸನೆಗಿಂತ ನಾನು ಹೆಚ್ಚು ನಂಬುವುದು ತೂಕವನ್ನು. 72 ಇಂಚು ಉದ್ದ, 36 ಇಂಚು ಅಗಲ, 6 ಇಂಚು ದಪ್ಪದ ಹಾಸಿಗೆ ಪೂರ್ತಿ ಲೇಟೆಕ್ಸಿನದಾದರೆ ಸುಮಾರು 18ರಿಂದ 20 ಕೆ.ಜಿ. ತೂಗುತ್ತದೆ. ಸಾಧಾರಣ ಫೋಮಿನದಾದರೆ 7–8, ಬಹಳವಾದರೆ 10 ಕೆ.ಜಿ. ಸಂಶಯ ಎತ್ತಿದ ಮೈದುನನಿಗೇ ಹೇಳಿ, ಹಾಸಿಗೆ ಸುತ್ತಿ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಲಿ. ಅವರ ತೂಕ ಕಳೆದರೆ ಲೆಕ್ಕ ಸಿಗುತ್ತದೆ.

ತೂಕ ಸರಿ ಬಂದರೂ ಪಕ್ಕದಿಂದ ಪದರಗಳನ್ನು ನೋಡಲೇಬೇಕು. ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವರು ಮೋಸ ಹೋಗಿರುವುದು ಇಲ್ಲಿಯೇ. ಮೇಲೆ ಒಂದು ಇಂಚು ಅಸಲಿ ಲೇಟೆಕ್ಸ್, ಕೆಳಗೆ ಐದು ಇಂಚು ರೀಬಾಂಡೆಡ್. ಫೋಮಿನ ಬಣ್ಣಬಣ್ಣದ ಚೂರುಗಳನ್ನು ಅಂಟು ಹಾಕಿ ಒತ್ತಿದ ಈ ಪದರ ಹಳೆಯ ಮನೆಗಳ ಮೊಸಾಯಿಕ್ ನೆಲದ ಹಾಗೆ ಕಾಣುತ್ತದೆ, ಲೇಟೆಕ್ಸಿನಷ್ಟೇ ತೂಕವೂ ಇರುತ್ತದೆ. ಅದು ಕೆಟ್ಟ ವಸ್ತುವಲ್ಲ, ಬೆನ್ನಿಗೆ ಗಟ್ಟಿ ಆಸರೆಯನ್ನೇ ಕೊಡುತ್ತದೆ. ಆದರೆ ಅದಕ್ಕೆ ಲೇಟೆಕ್ಸಿನ ಬೆಲೆ ತೆಗೆದುಕೊಳ್ಳುವುದು ಮೋಸ.

ಇನ್ನೊಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಮರದ ಹಾಲಿನ ಲೇಟೆಕ್ಸಿಗೂ, ಪೆಟ್ರೋಲಿಯಂನಿಂದ ತಯಾರಾಗುವ ಸಿಂಥೆಟಿಕ್ ಲೇಟೆಕ್ಸಿಗೂ, ಎರಡನ್ನೂ ಬೆರೆಸಿದ್ದಕ್ಕೂ ಇರುವ ವ್ಯತ್ಯಾಸವನ್ನು ಮನೆಯಲ್ಲಿ ಖಚಿತವಾಗಿ ಹೇಳಲಾಗದು. ರಬ್ಬರ್ ಹಾಲಿನ ವಾಸನೆಯಲ್ಲೇ ಬೆಳೆದ ನಾನೂ ಕೈಯಲ್ಲಿ ಮುಟ್ಟಿ ಹೇಳಲಾರೆ, ಅದು ಪ್ರಯೋಗಾಲಯದ ಕೆಲಸ. ಚೂರು ಕಿತ್ತು ಬೆಂಕಿ ಹಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹೊಗೆ ವಿಷ, ತಿಳಿಯುವುದೂ ಅಷ್ಟರಲ್ಲೇ ಇದೆ. ಓಕೋ-ಟೆಕ್ಸ್ ಚೀಟಿ ಹಾನಿಕರ ರಾಸಾಯನಿಕಗಳ ಪರೀಕ್ಷೆ ಆಗಿದೆ ಎನ್ನುತ್ತದೆ, ಮರದ್ದು ಎನ್ನುವುದಿಲ್ಲ. ಸಾವಯವ ಲೇಟೆಕ್ಸಿಗೆ ಇರುವುದು ಜಿಓಎಲ್ಎಸ್ ಪ್ರಮಾಣಪತ್ರ.

ಆದ್ದರಿಂದ ನಾಳೆಯೇ ಅಂಗಡಿಗೆ ಹೋಗಿ. ಎಷ್ಟು ಇಂಚು ಲೇಟೆಕ್ಸ್, ನ್ಯಾಚುರಲ್ ಶೇಕಡಾ ಎಷ್ಟು, ಕೆಳಗಿನ ಪದರ ಯಾವುದು ಎಂದು ಬಿಲ್ಲಿನ ಮೇಲೆ ಬರೆದು ಸೀಲು ಹಾಕಿಸಿಕೊಳ್ಳಿ. ಬರೆಯಲು ಹಿಂದೆಗೆದರೆ ಹಾಸಿಗೆ ವಾಪಸ್ ಕೊಟ್ಟುಬಿಡಿ. ಹಣ ಕೊಡದೆ ಸತಾಯಿಸಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕಾಗಿ ಬಂದರೂ 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ.

ಅತ್ತೆಯವರ ಮೌನವನ್ನು ನೀವು ಅಸಮಾಧಾನ ಎಂದುಕೊಂಡ ಹಾಗಿದೆ. ಸೊಸೆ ಚೀಟಿ ಹಣದಲ್ಲಿ ತಂದದ್ದೆಂದು ಅವರು ಬಾಯಿ ಬಿಡದಿರಬಹುದು. ‘ಅತ್ತೆ, ಬೆಳಗ್ಗೆ ಎದ್ದಾಗ ಸೊಂಟ ಹೇಗಿರುತ್ತೆ?’ ಎಂದು ಅವರನ್ನೇ ಕೇಳಿ. ಹೇಳಿದ್ದರ ಮೇಲೆ ಇಡುವುದೋ ಬಿಡುವುದೋ ತೀರ್ಮಾನಿಸಿ.

ಹಾಸಿಗೆ ಅಸಲಿಯೆಂದು ತಿಳಿದು ಇಟ್ಟುಕೊಂಡರೆ ಅತ್ತೆಯವರಿಗೆ ಇದೊಂದು ಮಾತು ಈಗಲೇ ಹೇಳಿಡಿ. ಹತ್ತಿ ಹಾಸಿಗೆಯಂತೆ ಬೇಸಿಗೆಯಲ್ಲಿ ತಾರಸಿಗೆ ಹೊತ್ತು ಹಾಕಬಾರದು. ಬಿಸಿಲು ತಾಗಿದ ಲೇಟೆಕ್ಸ್ ಹಳದಿಗಟ್ಟಿ, ಬಿರುಸಾಗಿ, ರೊಟ್ಟಿಯ ಚೂರಿನಂತೆ ಉದುರುತ್ತದೆ. ಕಿಟಕಿ ತೆರೆದು, ನೆರಳಲ್ಲೇ ಗಾಳಿಗೆ ಒರಗಿಸಿಡಿ.